ಗರ್ಭಿಣಿ ಅಂತ ಗೊತ್ತಾದ ಮೇಲೆ ಎಲ್ಲ ನಿಲ್ಲಿಸಿಬಿಟ್ಟರೆ ಸಾಕಲ್ವಾ?

ಪ್ರಶ್ನೆ: ನಾನಿರುವುದು ಅಮೆರಿಕದಲ್ಲಿ. ಪಕ್ಕದ ಮನೆಯ ಹುಡುಗಿಗೆ ನೋವಿನ ಮಾತ್ರೆಯ ಚಟ ಇತ್ತು. ಈಗ ಐದು ತಿಂಗಳ ಗರ್ಭಿಣಿ. ಡಾಕ್ಟರು ಬುಪ್ರೆನಾರ್ಫಿನ್ ಅಂತ ಇನ್ನೊಂದು ಮಾತ್ರೆ ಕೊಡುತ್ತಿದ್ದಾರೆ. ಅದೂ ಒಪಿಯಾಯ್ಡೇ (ಅಫೀಮಿನ ಜಾತಿಯ ಔಷಧಿ) ಅಂತೆ. ಮಗುವಿಗೋಸ್ಕರವಾದರೂ ಎಲ್ಲ ಬಿಟ್ಟುಬಿಡಬಾರದಾ?

ಉತ್ತರ: ದಯವಿಟ್ಟು ಈ ಮಾತನ್ನು ಅವಳಿಗೆ ಹೇಳಬೇಡಿ. ಒಮ್ಮೆಗೇ ಬಿಟ್ಟರೆ ಅವಳ ಜೀವಕ್ಕೇ ಕುತ್ತು ಬರಬಹುದು.

ದಿನಾ ಒಪಿಯಾಯ್ಡ್ ಕಂಡ ಮೈ ಅದಕ್ಕೆ ಒಗ್ಗಿಹೋಗಿರುತ್ತದೆ. ಬಿಟ್ಟ ಮೇಲೆ ಮೈ ಆ ಒಗ್ಗಿಕೆಯನ್ನು ಬೇಗ ಕಳೆದುಕೊಳ್ಳುತ್ತದೆ, ಬೇಕು ಅನ್ನುವ ಹಂಬಲ ಮಾತ್ರ ಉಳಿಯುತ್ತದೆ. ಒಂದು ದಿನ ತಡೆಯಲಾಗದೆ ಹಳೇ ಅಳತೆಯಲ್ಲೇ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು. ಈಗಂತೂ ಬೀದಿಯಲ್ಲಿ ಸಿಗುವ ನಕಲಿ ಮಾತ್ರೆಗಳಲ್ಲಿ ಫೆಂಟನಿಲ್ ಅನ್ನುವ ಒಪಿಯಾಯ್ಡ್ ಬೆರೆತಿರುವುದು ಜಾಸ್ತಿ. ಅದು ಮಾರ್ಫಿನ್‌ಗಿಂತ 50ರಿಂದ 100 ಪಟ್ಟು ಜೋರು.

ಬುಪ್ರೆನಾರ್ಫಿನ್, ಅದರಂತೆಯೇ ಚಟದ ಚಿಕಿತ್ಸೆಗೆ ಕೊಡುವ ಮೆಥಡೋನ್ ಆ ಹಂಬಲವನ್ನು ಹಿಡಿತದಲ್ಲಿ ಇಡುತ್ತವೆ. ಅಲ್ಲಿನ ಹೆರಿಗೆ ತಜ್ಞರ ಸಂಘ ಗರ್ಭಿಣಿಯರಿಗೆ ಹೇಳುವುದೂ ಇದನ್ನೇ. ಹುಟ್ಟಿದ ಮಗುವಿಗೆ ಕೆಲವು ದಿನ, ಕೆಲವೊಮ್ಮೆ ವಾರಗಟ್ಟಲೆ ನಡುಕ, ಅಳು ಇರಬಹುದು. ಅದಕ್ಕೆ ಚಿಕಿತ್ಸೆ ಇದೆ.

ನಿಜವಾದ ಭಯ ಇರುವುದು ಹೆರಿಗೆ ಆದ ಮೇಲೆ. ಮಸಾಚುಸೆಟ್ಸ್ ರಾಜ್ಯದಲ್ಲಿ ಒಪಿಯಾಯ್ಡ್ ಚಟವಿದ್ದ ತಾಯಂದಿರ ದಾಖಲೆ ನೋಡಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಓವರ್‌ಡೋಸ್ (ಅಳತೆ ಮೀರಿ ತೆಗೆದುಕೊಂಡು ಜೀವಕ್ಕೆ ಕುತ್ತು ತಂದುಕೊಳ್ಳುವುದು) ಅತಿ ಕಡಿಮೆ ಇದ್ದದ್ದು ಗರ್ಭದ ಕೊನೆಯ ಮೂರು ತಿಂಗಳಲ್ಲಿ. ಅತಿ ಜಾಸ್ತಿ ಇದ್ದದ್ದು ಹೆರಿಗೆಯಾಗಿ 7ರಿಂದ 12 ತಿಂಗಳ ನಡುವೆ! ನಮ್ಮ ಕಡೆ ಬಾಣಂತನಕ್ಕೆ ಅಮ್ಮನೋ ಅತ್ತೆಯೋ ಜೊತೆಗಿರುತ್ತಾರೆ. ಅಲ್ಲಿ ಎಷ್ಟೋ ಹೆಣ್ಣುಮಕ್ಕಳು ಎರಡೇ ದಿನಕ್ಕೆ ಕೂಸು ಎತ್ತಿಕೊಂಡು ಒಬ್ಬರೇ ಮನೆಗೆ ಬರುತ್ತಾರೆ. ನಿದ್ದೆ ಇಲ್ಲ, ದುಡ್ಡಿಲ್ಲ, ಮೆಥಡೋನ್ ಕೇಂದ್ರ ಊರಾಚೆ. ಬಡವರ ಸರ್ಕಾರಿ ವಿಮೆ ಮೆಡಿಕೇಯ್ಡ್ ಕೂಡ ಹಿಂದೆ ಎಷ್ಟೋ ತಾಯಂದಿರಿಗೆ ಹೆರಿಗೆಯಾದ 60 ದಿನಕ್ಕೇ ಮುಗಿಯುತ್ತಿತ್ತು. 2022ರ ಏಪ್ರಿಲ್‌ನಿಂದ ಅದನ್ನು 12 ತಿಂಗಳಿಗೆ ಹೆಚ್ಚಿಸುವ ಅವಕಾಶ ಬಂತು, ಬಹುತೇಕ ರಾಜ್ಯಗಳು ಹೆಚ್ಚಿಸಿವೆ. ಅವಳ ವಿಮೆ ಯಾವಾಗ ಮುಗಿಯುತ್ತದೆ ಅಂತ ಈಗಲೇ ವಿಚಾರಿಸಲು ಹೇಳಿ.

ಇನ್ನೊಂದು ಅಡ್ಡಿ ಹೆದರಿಕೆ. ಮಗುವನ್ನು ಕಿತ್ತುಕೊಂಡರೆ ಅಂತ ಎಷ್ಟೋ ಜನ ಆಸ್ಪತ್ರೆಗೇ ಹೋಗುವುದಿಲ್ಲ. ಟೆನೆಸಿ ರಾಜ್ಯ 2014ರಲ್ಲಿ ಇಂಥ ತಾಯಂದಿರ ಮೇಲೆ ಕೇಸು ಹಾಕುವ ಕಾನೂನೇ ತಂದಿತ್ತು. 2016ರಲ್ಲಿ ಅದರ ಅವಧಿ ಮುಗಿಯಿತು. ಬೈಗುಳದಿಂದ ಯಾವ ಕಾಯಿಲೆಯೂ ವಾಸಿಯಾಗಿಲ್ಲ, ಮತ್ತು ಇದು ಕಾಯಿಲೆಯೇ.

ನೀವು ಮಾಡಬಹುದಾದದ್ದು ಒಂದಿದೆ. ಒಪಿಯಾಯ್ಡ್ ಅತಿಯಾಗಿ ಉಸಿರು ನಿಲ್ಲುವಾಗ ಅದರ ಪ್ರಭಾವ ತಡೆಯುವ ನಲೋಕ್ಸೋನ್ ಅನ್ನುವ ಮೂಗಿನ ಸ್ಪ್ರೇ ತಂದಿಡಿ. 2023ರಿಂದ ಅಲ್ಲಿನ ಔಷಧಿ ಅಂಗಡಿಗಳಲ್ಲಿ ಚೀಟಿ ಇಲ್ಲದೆ ಸಿಗುತ್ತದೆ. ಎಷ್ಟೋ ಕಡೆ ಆರೋಗ್ಯ ಇಲಾಖೆ ಪುಕ್ಕಟೆ ಕೊಡುತ್ತದೆ. ತುಟಿ ನೀಲಿಯಾಗಿ, ಗೊರಗೊರ ಸದ್ದು ಬರುತ್ತಾ, ಅಲುಗಾಡಿಸಿದರೂ ಏಳದಿದ್ದರೆ ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿ. ಅಂಗಾತ ಮಲಗಿಸಿ, ತಲೆ ಹಿಂದಕ್ಕೆ ಬಾಗಿಸಿ, ಸ್ಪ್ರೇಯ ತುದಿಯನ್ನು ಒಂದು ಹೊಳ್ಳೆಯೊಳಗೆ ಇಟ್ಟು ಪೂರ್ತಿ ಒತ್ತಿ. ಉಸಿರಾಟ ಇಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡಿ. 2-3 ನಿಮಿಷದಲ್ಲಿ ಎಚ್ಚರವಾಗದಿದ್ದರೆ ಇನ್ನೊಂದು ಹೊಳ್ಳೆಗೆ ಎರಡನೇ ಸ್ಪ್ರೇ. ಉಸಿರು ಮರಳಿದ ಮೇಲೆ ಎಡಮಗ್ಗುಲಿಗೆ ಹೊರಳಿಸಿ. ಗರ್ಭಿಣಿ ಅಂತ ಹಿಂಜರಿಯಬೇಡಿ, ತಾಯಿ ಉಸಿರಾಡಿದರೆ ತಾನೇ ಮಗುವಿಗೂ ಉಸಿರು. ಸ್ಪ್ರೇಯ ಬಲ 30ರಿಂದ 90 ನಿಮಿಷ ಅಷ್ಟೇ, ಆಮೇಲೆ ಉಸಿರು ಮತ್ತೆ ನಿಲ್ಲಬಹುದು, ಆಸ್ಪತ್ರೆಗೆ ಹೋಗಲೇಬೇಕು.

ಪ್ರಜ್ಞೆ ತಪ್ಪಿದವಳು ತನಗೆ ತಾನೇ ಸ್ಪ್ರೇ ಹಾಕಿಕೊಳ್ಳಲು ಆಗುವುದಿಲ್ಲ. ಅದಕ್ಕೇ ಒಂದು ಡಬ್ಬಿ ಅವಳ ಮನೆಯಲ್ಲಿ, ಇನ್ನೊಂದು ನಿಮ್ಮ ಮನೆಯಲ್ಲಿ ಇರಲಿ. ಕೂಸಿಗೆ ವರ್ಷ ತುಂಬುವವರೆಗೂ ದಿನಾ ಒಮ್ಮೆ ಅವಳ ಬಾಗಿಲು ತಟ್ಟಿ.