ಬಿಸಿ ಜೋಳಕ್ಕೆ ನಿಂಬೆ, ಆರಿದ ಜೋಳಕ್ಕೆ ಪುದೀನ

ಕೋಸಂಬರಿ ಮಾಡಲು ಬರುವವರಿಗೆ ಇಡೀ ಕಾಳಿನ ಸಲಾಡಿನ ಈ ಪಾಠ ಅರ್ಧ ಗೊತ್ತಿದ್ದಂತೆಯೇ. ನೆನೆಸಿದ ಹೆಸರುಬೇಳೆ, ಸೌತೆಕಾಯಿ, ಕೊತ್ತಂಬರಿ, ನಿಂಬೆ. ಅದೂ ಸಲಾಡೇ ಅಲ್ವಾ? ಬೇಳೆಯ ಜಾಗಕ್ಕೆ ಇಡೀ ಕಾಳು ಬಂದಾಗ ಲೆಕ್ಕ ಬದಲಾಗುತ್ತದೆ. ಬೇಳೆ ಒಂದೆರಡು ಗಂಟೆ ನೆನೆದರೆ ಸಾಕು. ಇಡೀ ಜೋಳ, ಗೋಧಿಯ ಮೈಮೇಲೆ ಹೊಟ್ಟಿನ ಪದರ ಇರುತ್ತದೆ, ಅದು ನೀರನ್ನು ಬೇಗ ಒಳಗೆ ಬಿಡುವುದಿಲ್ಲ. ನಾರು ಜಾಸ್ತಿ ಇರುವುದೂ ಅದರಲ್ಲೇ, ಹಾಗಾಗಿ ಅದನ್ನು ಬೈದು ಪ್ರಯೋಜನವಿಲ್ಲ.

ಪುಣೆಯಲ್ಲಿ ನಮಗೆ ಸುಲಭಕ್ಕೆ ಸಿಗುವ ಕಾಳು ಎರಡು. ಒಂದು ಜೋಳ, ಇಲ್ಲಿ ಜ್ವಾರಿ ಎಂದು ಕೇಳಬೇಕು. ಇನ್ನೊಂದು ಖಪ್ಲಿ. ಇದೇನೋ ಹೊಸ ಗೋಧಿ ಎಂದುಕೊಂಡಿದ್ದೆ. ನೋಡಿದರೆ ನಮ್ಮ ಉತ್ತರ ಕರ್ನಾಟಕದ ಸದಕ, ಜವೆ ಗೋಧಿ! ಆದರೆ ಹುಗ್ಗಿಗೆಂದು ಕುಟ್ಟಿ ಹೊಟ್ಟು ತೆಗೆದದ್ದು ಬೇಡ, ಕಂದು ಬಣ್ಣ ಉಳಿದಿರುವ ಕಾಳನ್ನೇ ಕೇಳಿ. ಚಳಿಗಾಲದಲ್ಲಿ ಹುರ್ಡಾ, ಅಂದರೆ ನಮ್ಮ ಸೀತನಿ (ಎಳೆಯ ಹಸಿ ಜೋಳ) ಸಿಕ್ಕರೆ ನೆನೆಸುವ ಕೆಲಸವೂ ಇಲ್ಲ. ಅದು ಸಲಾಡಿನವರೆಗೆ ಉಳಿಯುವುದು ಮಾತ್ರ ಅನುಮಾನ.

ಲೆಬನಾನಿನ ಸೊಪ್ಪಿನ ಸಲಾಡ್ ತಬೂಲೆ ಮಾಡಹೊರಟವರು ಒಂದು ಕಡೆ ಎಡವುತ್ತಾರೆ. ಅದಕ್ಕೆ ಬೇಕಾದದ್ದು ಬುಲ್ಗರ್. ನೋಡಲು ನಮ್ಮ ಗೋಧಿ ನುಚ್ಚಿನಂತೆಯೇ ಇರುತ್ತದೆ. ಆದರೆ ಬುಲ್ಗರ್ ಎಂದರೆ ಗೋಧಿಯನ್ನು ಮೊದಲೇ ಬೇಯಿಸಿ, ಒಣಗಿಸಿ, ಆಮೇಲೆ ಒಡೆದದ್ದು. ಸಣ್ಣ ಬುಲ್ಗರ್ ನೆನೆಸಿದರೇ ಮೆತ್ತಗಾಗುತ್ತದೆ. ಅಂಗಡಿಯ ನುಚ್ಚು ಹಸಿ ಗೋಧಿಯದು. ಸುಮ್ನೆ ನೆನೆಸಿ ತಿಂದರೆ ಮರಳು ಅಗಿದ ಹಾಗಿರುತ್ತದೆ, ನಾನು ತಿಂದಿದ್ದೇನೆ.

ಇನ್ನು ಬೇಯಿಸುವುದು. 1 ಕಪ್ ಜೋಳ ರಾತ್ರಿಯೇ ನೆನೆಸಿ. ಬೆಳಿಗ್ಗೆ ಆ ನೀರು ಚೆಲ್ಲಿ, 3 ಕಪ್ ಹೊಸ ನೀರು, ಸ್ವಲ್ಪ ಉಪ್ಪು ಹಾಕಿ ಕುಕ್ಕರಿಗಿಡಿ. ಮೊದಲ ಸೀಟಿಯ ಮೇಲೆ ಸಣ್ಣ ಉರಿಯಲ್ಲಿ 20–25 ನಿಮಿಷ. ಖಪ್ಲಿಗೆ 15 ನಿಮಿಷದ ಮೇಲೆ ತೆಗೆದು ನೋಡಿ. ಹಲ್ಲಿಗೆ ಸಿಕ್ಕ ಕಾಳು ಮೆತ್ತಗಿರಬೇಕು, ಆದರೆ ಮುದ್ದೆಯಾಗಬಾರದು. ಕುಕ್ಕರಿಗೇ ನಿಂಬೆ ಹಿಂಡಬೇಡಿ, ಹುಳಿ ಇದ್ದರೆ ಕಾಳು ಬೇಯಲು ತಡ. ಬಸಿದ ನೀರನ್ನು ಸಾರಿಗೆ ಇಟ್ಟುಕೊಳ್ಳಿ.

ಈಗ ನಿಂಬೆಯ ಸರದಿ. ಕಾಳು ಬೆಚ್ಚಗಿರುವಾಗಲೇ ಅಗಲ ತಟ್ಟೆಗೆ ಹರಡಿ, ನಿಂಬೆರಸ, ಎಣ್ಣೆ, ಉಪ್ಪು ಕಲಸಿಬಿಡಿ. ಬೆಚ್ಚಗಿನ ಕಾಳು ರಸವನ್ನು ಚೆನ್ನಾಗಿ ಹೀರುತ್ತದೆ. ಆರಿದ ಮೇಲೆ ಹಾಕಿದರೆ ಹುಳಿಯೆಲ್ಲ ತಟ್ಟೆಯ ತಳದಲ್ಲಿ ನಿಲ್ಲುತ್ತದೆ.

ಸೊಪ್ಪಿಗೆ ಇದರ ಉಲ್ಟಾ. ಒಮ್ಮೆ ನಮ್ಮ ಸೊಸೈಟಿಯ ಊಟಕ್ಕೆ ಅವಸರದಲ್ಲಿ ಬಿಸಿ ಜೋಳಕ್ಕೇ ಪುದೀನ ಸುರಿದೆ. ಬಡಿಸುವ ಹೊತ್ತಿಗೆ ಎಲೆ ಕಪ್ಪಾಗಿ, ಚಹಾಪುಡಿ ಬಿದ್ದಂತಿತ್ತು. ಎಲೆ ಕತ್ತರಿಸಿದಾಗ ಒಳಗಿನ ಕಿಣ್ವಕ್ಕೆ ಗಾಳಿ ತಾಗಿ ಬಣ್ಣ ಕಪ್ಪಾಗುತ್ತದೆ, ಬಿಸಿ ತಾಗಿದರೆ ಇನ್ನೂ ಬೇಗ. ಮೊಂಡ ಚಾಕುವಿನಿಂದ ಜಜ್ಜಿದರೂ ಇದೇ ಗತಿ. ಹಾಗಾಗಿ ಕಾಳು ಪೂರ್ತಿ ಆರಲಿ, ಎಲೆ ಒದ್ದೆಯಿಲ್ಲದಿರಲಿ, ಕತ್ತರಿಸುವುದು ಕೊನೆಗೆ.

ಸೊಪ್ಪು ಬಾಲ್ಕನಿಯದೇ ಆದರೆ ಬೇಕೆಂದಾಗ ಚಿವುಟಬಹುದು. ಮಂಡಈಯಿಂದ, ಅಂದರೆ ಇಲ್ಲಿನ ತರಕಾರಿ ಮಾರುಕಟ್ಟೆಯಿಂದ ತಂದ ಪುದೀನದ ಗಟ್ಟಿ ಕಡ್ಡಿಗಳ ಕೆಳಗಿನ ಎಲೆ ತೆಗೆದು ನೀರಿನ ಲೋಟದಲ್ಲಿಟ್ಟರೆ ಬೇರು ಬರುತ್ತದೆ, ಆಮೇಲೆ ಕುಂಡಕ್ಕೆ. ಕೊತ್ತಂಬರಿ ಬೀಜವನ್ನು ಎರಡು ಹೋಳಾಗುವಂತೆ ಉಜ್ಜಿ ಬಿತ್ತಿ. ಏಪ್ರಿಲ್ ಬಿಸಿಲಿಗೆ ಅದು ಬೇಗ ಹೂವಿಗೆ ಬಂದು, ಎಲೆ ದಾರದಂತಾಗುತ್ತದೆ; ನಿಮ್ಮ ತಪ್ಪಲ್ಲ. ಕಾಮಕಸ್ತೂರಿಗೆ ಬಿಸಿಲು ಇಷ್ಟ, ಹೂಗೊನೆ ಚಿವುಟುತ್ತಿರಿ. ದೊಡ್ಡಪತ್ರೆ ಒಂದೆರಡು ಎಲೆ ಸಾಕು, ಜಾಸ್ತಿಯಾದರೆ ಕಷಾಯದ ನೆನಪಾಗುತ್ತದೆ. ಜೋಳಕ್ಕೆ ನನ್ನ ಓಟು ಸಬ್ಬಸಿಗೆಗೆ. ಇಲ್ಲಿ ಶೇಪು ಎನ್ನುತ್ತಾರೆ. 2 ಕಪ್ ಬೆಂದ ಕಾಳಿಗೆ 1 ಕಪ್ ಹೆಚ್ಚಿದ ಸೊಪ್ಪು ಹಾಕಲು ಹಿಂಜರಿಯಬೇಡಿ. ತಬೂಲೆಯಲ್ಲಂತೂ ಗೋಧಿಗಿಂತ ಸೊಪ್ಪೇ ಜಾಸ್ತಿ.

ಬೆಂದ ಕಾಳನ್ನು ಇಡೀ ಮಧ್ಯಾಹ್ನ ಕಟ್ಟೆಯ ಮೇಲೆ ಬಿಡಬೇಡಿ. ಬೇಯಿಸಿದರೂ ಸಾಯದ ಕೆಲವು ಬ್ಯಾಕ್ಟೀರಿಯಾ ಬೀಜಕಗಳಿವೆ, ಸೆಕೆಯಲ್ಲಿ ಬೇಗ ಬೆಳೆಯುತ್ತವೆ. ಆರಿದ ಕೂಡಲೇ ಫ್ರಿಜ್ಜಿಗೆ. ಆಫೀಸಿನ ಡಬ್ಬಿಗೆ ನಿಂಬೆ ಕಲಸಿದ ಜೋಳ ಮಾತ್ರ ತಣ್ಣಗೆ ತುಂಬಿ, ಪುದೀನವನ್ನು ಕತ್ತರಿಸದೆ ಬೇರೆ ಪುಟ್ಟ ಡಬ್ಬಿಯಲ್ಲಿ ಒಯ್ಯಿರಿ. ಊಟದ ಹೊತ್ತಿಗೆ ಕೈಯಲ್ಲೇ ಹರಿದು ಹಾಕಿಕೊಂಡರಾಯಿತು.