ಯಾರು ಎಷ್ಟು ಕೊಂಡರು? ಯುರೋಪಿನ ಫೇರ್‌ಟ್ರೇಡ್ ಮಾರಾಟದ ಲೆಕ್ಕ ಬೆಳೆದು ಬಂದ ಬಗೆ

ಬೆಳೆಗಾರರಿಗೆ ನ್ಯಾಯವಾದ ಬೆಲೆ ಕೊಟ್ಟು ಕೊಂಡದ್ದು ಎಂದು ಸಾರುವ ಗುರುತೇ ಫೇರ್‌ಟ್ರೇಡ್ ಮುದ್ರೆ. ಜರ್ಮನಿಯಲ್ಲಿ ಈ ಮುದ್ರೆಯ ಸರಕಿನ ವಾರ್ಷಿಕ ಮಾರಾಟ 2019ರಲ್ಲಿ ಮೊದಲ ಬಾರಿಗೆ 200 ಕೋಟಿ ಯೂರೋ ದಾಟಿತು. ತಲೆಗೆ ಹಂಚಿದರೆ ಸುಮಾರು 25 ಯೂರೋ. ಜರ್ಮನಿಯ ಹತ್ತನೇ ಒಂದರಷ್ಟು ಜನರಿರುವ ಸ್ವಿಟ್ಜರ್ಲೆಂಡಿನಲ್ಲಿ ಅದೇ ಹೊತ್ತಿಗೆ ತಲಾ ಖರೀದಿ 100 ಫ್ರಾಂಕಿನ ಆಸುಪಾಸಿನಲ್ಲಿತ್ತು. ಇಂಥ ಅಂಕಿಗಳು ಹೊರಬಿದ್ದಾಗಲೆಲ್ಲ ಪತ್ರಿಕೆಗಳು ಅವನ್ನು ಯಾವ ದೇಶದ ಜನರಿಗೆ ರೈತರ ಮೇಲೆ ಹೆಚ್ಚು ಕಾಳಜಿಯಿದೆ ಎಂಬ ಪಟ್ಟಿಯಂತೆ ಓದುತ್ತವೆ. ಅದು ತಪ್ಪು ಓದು. ಈ ಅಂಕಿಗಳ ಹಿಂದೆ ಇರುವುದು ಬಹುಮಟ್ಟಿಗೆ ಕೆಲವೇ ಸೂಪರ್‌ಮಾರ್ಕೆಟ್ ಸರಪಳಿಗಳ ತೀರ್ಮಾನ, ಆಯಾ ದೇಶದ ತೆರಿಗೆ, ಹಣದ ವಿನಿಮಯ ದರ.

1980ರ ದಶಕದವರೆಗೆ ಹೋಲಿಸುವಷ್ಟು ವ್ಯಾಪಾರವೇ ಇರಲಿಲ್ಲ. ನೆದರ್ಲೆಂಡ್ಸ್‌ನ ಬ್ರೋಕೆಲೆನ್‌ನಲ್ಲಿ 1969ರಲ್ಲಿ ಶುರುವಾದ ಮಾದರಿಯ ‘ವಿಶ್ವ ಅಂಗಡಿ’ಗಳು ಸ್ವಯಂಸೇವಕರಿಂದ ನಡೆಯುತ್ತಿದ್ದವು. ಕರಕುಶಲ ವಸ್ತುಗಳ ಜೊತೆ ಒಂದಿಷ್ಟು ಕಾಫಿ, ಚಹಾ ಸಿಗುತ್ತಿತ್ತು. ಮೆಕ್ಸಿಕೋದ ಓಹಾಕಾ ರಾಜ್ಯದ ಕಾಫಿ ಬೆಳೆಗಾರರ ಸಹಕಾರ ಸಂಘ ‘ಉಸಿರಿ’ಗೆ (UCIRI) ಇದು ಸಾಲುತ್ತಿರಲಿಲ್ಲ. ಅವರ ಬೆಳೆ ಎಲ್ಲರೂ ಸಾಮಾನು ತರುವ ಅಂಗಡಿಯಲ್ಲೇ ಮಾರಾಟವಾಗಬೇಕಿತ್ತು. ಆ ಸಂಘದ ಜೊತೆ ದುಡಿಯುತ್ತಿದ್ದ ಡಚ್ ಪಾದ್ರಿ ಫ್ರಾನ್ಸ್ ವಾನ್ ಡರ್ ಹಾಫ್ ಮತ್ತು ಸಾಲಿಡಾರಿಡಾಡ್ ಸಂಸ್ಥೆಯ ನಿಕೊ ರೋಜೆನ್ ಸೇರಿ 1988ರ ನವೆಂಬರ್‌ನಲ್ಲಿ ‘ಮ್ಯಾಕ್ಸ್ ಹಾವೆಲಾರ್’ ಎಂಬ ಮೊದಲ ಫೇರ್‌ಟ್ರೇಡ್ ಮುದ್ರೆಯನ್ನು ತಂದರು. ಅವರು ಹೊಸ ಬ್ರಾಂಡ್ ಮಾಡಲಿಲ್ಲ. ಷರತ್ತು ಪಾಲಿಸುವ ಯಾವ ಕಾಫಿ ಕಂಪನಿಯಾದರೂ ಪೊಟ್ಟಣದ ಮೇಲೆ ಅಂಟಿಸಬಹುದಾದ ಮುದ್ರೆ ಅದು. ಮುಂದಿನ ಎಲ್ಲ ಬೆಳವಣಿಗೆಗೆ ದಾರಿ ಮಾಡಿದ್ದು ಈ ಉಪಾಯವೇ.

ಸಮಯವೂ ಹಾಗೆ ಒದಗಿತು. 1989ರ ಜುಲೈನಲ್ಲಿ, ದೇಶವಾರು ರಫ್ತಿಗೆ ಮಿತಿ ಹಾಕಿ ಬೆಲೆ ಹಿಡಿದಿಡುತ್ತಿದ್ದ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ ಮುರಿದುಬಿದ್ದು ಬೆಲೆ ಕುಸಿಯಿತು. 1992ರಲ್ಲಿ ಸ್ವಿಟ್ಜರ್ಲೆಂಡ್, ಜರ್ಮನಿ, ಬ್ರಿಟನ್ ಮೂರೂ ಕಡೆ ಮುದ್ರೆ ಕೊಡುವ ಸಂಸ್ಥೆಗಳು ಹುಟ್ಟಿದವು. ಆದರೆ ಒಂದೊಂದು ದೇಶಕ್ಕೂ ಒಂದೊಂದು ಹೆಸರು, ಒಂದೊಂದು ಚಿಹ್ನೆ, ಒಂದೊಂದು ಲೆಕ್ಕ. 1997ರಲ್ಲಿ ಬಾನ್ ನಗರದಲ್ಲಿ ಜಾಗತಿಕ ಒಕ್ಕೂಟ ರೂಪುಗೊಂಡಿತು, 2002ರಿಂದ ಸಮಾನ ಮುದ್ರೆ ಬಳಕೆಗೆ ಬಂತು.

ದೇಶದೇಶಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಸಮೀಕ್ಷೆಗಳು 1990ರ ದಶಕದ ಮಧ್ಯದಿಂದ ನಡೆದಿದ್ದವು. 2005ರ ಸಮೀಕ್ಷೆಯಲ್ಲಿ 25 ದೇಶಗಳ ಒಟ್ಟು ಮಾರಾಟ 66 ಕೋಟಿ ಯೂರೋ, ಐದು ವರ್ಷದ ಹಿಂದಿನದರ ಎರಡು ಪಟ್ಟಿಗೂ ಹೆಚ್ಚು. ಅದರಲ್ಲಿ ಎರಡು ಅಂಕಿಗಳು ಎಲ್ಲೆಡೆ ಉದ್ಧೃತವಾದವು. ಸ್ವಿಟ್ಜರ್ಲೆಂಡಿನ ಬಾಳೆಹಣ್ಣಿನಲ್ಲಿ ಶೇ 47, ಬ್ರಿಟನ್ನಿನ ಕಾಫಿ ಪುಡಿಯಲ್ಲಿ ಶೇ 20 ಫೇರ್‌ಟ್ರೇಡ್!

ಎರಡೂ ಸರಿಯಾದ ಅಂಕಿಗಳೇ. ಆದರೆ ಬ್ರಿಟಿಷರು ಮನೆಯಲ್ಲಿ ಕುಡಿಯುತ್ತಿದ್ದದ್ದು ಮುಖ್ಯವಾಗಿ ಇನ್‌ಸ್ಟಂಟ್ ಕಾಫಿ. ಶೇ 20 ಎಂಬುದು ಹುರಿದು ಪುಡಿ ಮಾಡಿದ ಕಾಫಿಯ ಚಿಕ್ಕ ಮಾರುಕಟ್ಟೆಯ ಪಾಲು. ಛೇದದಲ್ಲಿ ಏನಿದೆ ಎಂದು ನೋಡದೆ ಅದನ್ನು ಜರ್ಮನಿಯ ಕಾಫಿ ಪಾಲಿನ ಜೊತೆ ಹೋಲಿಸಿದರೆ ಬ್ರಿಟನ್ ಇರುವುದಕ್ಕಿಂತ ಎತ್ತರವಾಗಿ ಕಾಣುತ್ತದೆ. ಸ್ವಿಟ್ಜರ್ಲೆಂಡಿನದು ಬೇರೆ ಕಥೆ. ಅಲ್ಲಿನ ದಿನಸಿ ವ್ಯಾಪಾರದ ಬಹುಪಾಲು ಮಿಗ್ರೋಸ್ ಮತ್ತು ಕೋಪ್ ಎಂಬ ಎರಡು ಸಹಕಾರಿ ಸಂಸ್ಥೆಗಳ ಕೈಯಲ್ಲಿದೆ. 2004ರಲ್ಲಿ ಕೋಪ್ ತನ್ನ ಬಾಳೆಹಣ್ಣನ್ನೆಲ್ಲ ಮ್ಯಾಕ್ಸ್ ಹಾವೆಲಾರ್ ಮುದ್ರೆಗೆ ಬದಲಿಸಿತು. ಅಲ್ಲಿ ಬಾಳೆಹಣ್ಣು ಕೊಂಡವರೆಲ್ಲ ಆಯ್ಕೆ ಮಾಡದೆಯೇ ಫೇರ್‌ಟ್ರೇಡ್ ಗ್ರಾಹಕರಾದರು.

ಬ್ರಿಟನ್ನಿನ ಏರಿಳಿತವೂ ಹೀಗೆಯೇ. 2007ರಲ್ಲಿ ಸೇನ್ಸ್‌ಬರಿ ಸೂಪರ್‌ಮಾರ್ಕೆಟ್ ತನ್ನ ಬಾಳೆಹಣ್ಣನ್ನೆಲ್ಲ, 2008ರಿಂದ ಟೇಟ್ ಆ್ಯಂಡ್ ಲೈಲ್ ತನ್ನ ಚಿಲ್ಲರೆ ಕಬ್ಬಿನ ಸಕ್ಕರೆಯನ್ನು, 2009ರಲ್ಲಿ ಕ್ಯಾಡ್‌ಬರಿ ಡೇರಿ ಮಿಲ್ಕ್ ಚಾಕೊಲೇಟನ್ನು, 2010ರಲ್ಲಿ ನೆಸ್ಲೆ ಕಿಟ್‌ಕ್ಯಾಟ್ ಅನ್ನು ಮುದ್ರೆಯಡಿ ತಂದವು. ಒಂದೊಂದು ತೀರ್ಮಾನಕ್ಕೂ ದೇಶದ ಅಂಕಿ ನೆಗೆಯಿತು. 2014ರಲ್ಲಿ ಮಾರಾಟ ಮೊದಲ ಬಾರಿಗೆ ಇಳಿಯಿತು. ಅಗ್ಗದ ಅಂಗಡಿ ಸರಪಳಿಗಳಾದ ಆಲ್ಡಿ, ಲಿಡ್ಲ್‌ಗಳ ಪೈಪೋಟಿಯಲ್ಲಿ ಸೂಪರ್‌ಮಾರ್ಕೆಟ್‌ಗಳು ಬೆಲೆ ಸಮರಕ್ಕೆ ಇಳಿದಿದ್ದ ಕಾಲ ಅದು. ಮುಂದೆ 2016ರಲ್ಲಿ ಕ್ಯಾಡ್‌ಬರಿ ತನ್ನದೇ ‘ಕೊಕೊ ಲೈಫ್’ ಯೋಜನೆಗೆ ಹೊರಳುವುದಾಗಿ ಹೇಳಿತು, 2020ರಲ್ಲಿ ಕಿಟ್‌ಕ್ಯಾಟ್ ಹೊರನಡೆಯಿತು. ಯುರೋಪಿಯನ್ ಒಕ್ಕೂಟ 2017ರ ಸೆಪ್ಟೆಂಬರ್ 30ಕ್ಕೆ ಬೀಟ್ ಸಕ್ಕರೆಯ ಉತ್ಪಾದನಾ ಕೋಟಾ ಕೊನೆಗೊಳಿಸಿದ್ದು ಕಬ್ಬಿನ ಸಕ್ಕರೆಗೆ ಬಿದ್ದ ಇನ್ನೊಂದು ಪೆಟ್ಟು. ಕಡಿಮೆ ಬೆಲೆಯ ಬೀಟ್ ಸಕ್ಕರೆಯೆದುರು ದೂರದಿಂದ ಹಡಗಿನಲ್ಲಿ ಬರುವ ಕಬ್ಬಿನ ಸಕ್ಕರೆ ನಿಲ್ಲುವುದು ಕಷ್ಟವಾಯಿತು.

ಇನ್ನು ಹಣದ ಲೆಕ್ಕ. ಚಿಲ್ಲರೆ ಮಾರಾಟ ಮೌಲ್ಯ ಎಂದರೆ ಗ್ರಾಹಕ ಕೊಟ್ಟ ದುಡ್ಡು. ಅದರಲ್ಲಿ ತೆರಿಗೆಯೂ ಸೇರಿರಬಹುದು. ಡೆನ್ಮಾರ್ಕ್‌ನಲ್ಲಿ ಆಹಾರದ ಮೇಲೂ ಶೇ 25 ಮೌಲ್ಯವರ್ಧಿತ ತೆರಿಗೆ. ಬ್ರಿಟನ್ನಿನಲ್ಲಿ ಬಾಳೆಹಣ್ಣಿಗೂ ಕಾಫಿ ಪುಡಿಗೂ ಸೊನ್ನೆ, ಚಾಕೊಲೇಟ್‌ಗೆ ಮಾತ್ರ ಶೇ 20. ಜರ್ಮನಿ ಹುರಿದ ಕಾಫಿಯ ಪ್ರತಿ ಕಿಲೋಗೆ 2.19 ಯೂರೋ ಪ್ರತ್ಯೇಕ ಕಾಫಿ ತೆರಿಗೆ ಹಾಕುತ್ತದೆ, ಫೇರ್‌ಟ್ರೇಡ್ ಕಾಫಿಗೂ. ವಿನಿಮಯ ದರದ ಆಟ ಬೇರೆ. 2015ರ ಜನವರಿ 15ರಂದು ಸ್ವಿಸ್ ಕೇಂದ್ರ ಬ್ಯಾಂಕು ಯೂರೋ ಎದುರು ಫ್ರಾಂಕ್ ಏರದಂತೆ ಹಾಕಿದ್ದ ಮಿತಿ ತೆಗೆದಾಗ ಫ್ರಾಂಕ್ ಒಮ್ಮೆಗೇ ಯೂರೋಗೆ ಸರಿಸಮ ಏರಿತು. ಒಂದು ಗೊನೆ ಬಾಳೆ ಹೆಚ್ಚು ಮಾರದಿದ್ದರೂ ಯೂರೋ ಲೆಕ್ಕದಲ್ಲಿ ಸ್ವಿಸ್ ಮಾರಾಟ ಹಿಗ್ಗಿತು. 2016ರಲ್ಲಿ ಪೌಂಡ್ ಕುಸಿದಾಗ ಬ್ರಿಟನ್ನಿಗೆ ಆದದ್ದು ಇದರ ತಿರುವುಮುರುವು. ಇದರ ಮೇಲೆ ಗುಲಾಬಿ, ಹತ್ತಿ ಕೂಡ ಒಟ್ಟು ಮೊತ್ತದಲ್ಲಿ ಸೇರುತ್ತವೆ. ಆಹಾರವನ್ನಷ್ಟೇ ಹೋಲಿಸಬೇಕಾದರೆ ಅವನ್ನು ಕಳೆಯಬೇಕು. ಜರ್ಮನಿಯಲ್ಲಿ ಕೀನ್ಯಾ, ಇಥಿಯೋಪಿಯಾದ ಗುಲಾಬಿಗಳ ಪಾಲು ದೊಡ್ಡದು.

ಬೆಳೆಗಾರರ ಕಡೆಯಿಂದ ನೋಡಿದರೆ ಮುಖ್ಯವಾದದ್ದು ಪ್ರೀಮಿಯಂ. ಇದು ಬೆಲೆಯ ಮೇಲೆ ಸಂಘಕ್ಕೆ ಸಿಗುವ ಹೆಚ್ಚುವರಿ ಮೊತ್ತ, ತೂಕದ ಲೆಕ್ಕದಲ್ಲಿ ನಿಗದಿಯಾದದ್ದು. ಬಾಳೆಹಣ್ಣಿಗೆ 18.14 ಕಿಲೋದ ಪೆಟ್ಟಿಗೆಗೆ 1 ಡಾಲರ್, ಅಂದರೆ ಕಿಲೋಗೆ ಐದೂವರೆ ಸೆಂಟ್. ಕಾಫಿಗೆ ಪೌಂಡ್ ತೂಕಕ್ಕೆ 20 ಸೆಂಟ್. ಹುರಿದಾಗ ಬೀಜ ತೂಕ ಕಳೆದುಕೊಳ್ಳುವುದರಿಂದ 1 ಕಿಲೋ ಹುರಿದ ಕಾಫಿಗೆ 1.19 ಕಿಲೋ ಹಸಿರು ಬೀಜ ಎಂದು ಲೆಕ್ಕ. 250 ಗ್ರಾಂ ಪೊಟ್ಟಣಕ್ಕೆ ಸುಮಾರು 300 ಗ್ರಾಂ ಬೀಜ, ಅದಕ್ಕೆ 13 ಸೆಂಟ್ ಪ್ರೀಮಿಯಂ. ಕೊಕೊಗೆ 2019ರ ಅಕ್ಟೋಬರ್‌ನಿಂದ ಟನ್ನಿಗೆ 240 ಡಾಲರ್. 100 ಗ್ರಾಂ ಚಾಕೊಲೇಟಿಗೆ 40 ಗ್ರಾಂ ಬೀಜ ಬಳಸಿದರೆ ಒಂದು ಸೆಂಟೂ ಆಗುವುದಿಲ್ಲ.

ಈಗ ಒಂದು ಕಿಲೋ ಬಾಳೆಹಣ್ಣು, ಒಂದು ಚಾಕೊಲೇಟ್ ಎರಡಕ್ಕೂ ಅಂಗಡಿಯಲ್ಲಿ ಒಂದೂವರೆ ಯೂರೋ ಎಂದಿಟ್ಟುಕೊಳ್ಳಿ. ಮಾರಾಟದ ಅಂಕಿಯಲ್ಲಿ ಎರಡೂ ಸಮ, ಪ್ರೀಮಿಯಂನಲ್ಲಿ ಐದು ಪಟ್ಟಿಗೂ ಹೆಚ್ಚು ಅಂತರ. ಅದೇ ಕಾಫಿ ಪೊಟ್ಟಣ ಜ್ಯೂರಿಕ್‌ನಲ್ಲಿ ದುಬಾರಿಗೂ ಕಲೋನ್‌ನ ಅಗ್ಗದ ಅಂಗಡಿಯಲ್ಲಿ ಅರ್ಧ ಬೆಲೆಗೂ ಮಾರಾಟವಾದರೆ ಓಹಾಕಾದ ಸಂಘಕ್ಕೆ ಸಿಗುವ ಪ್ರೀಮಿಯಂ ಒಂದೇ. ಹಾಗಾಗಿ ದೇಶಗಳನ್ನು ಹೋಲಿಸುವವರು ಮೊದಲು ಟನ್ ಲೆಕ್ಕ ಹುಡುಕಬೇಕು. ಅಲ್ಲೂ ಎಚ್ಚರ ಬೇಕು. ಒಂದು ದೇಶ ಹುರಿದ ಕಾಫಿಯ ತೂಕ, ಇನ್ನೊಂದು ಹಸಿರು ಬೀಜದ ತೂಕ ಕೊಟ್ಟರೆ ಶೇ 19ರಷ್ಟು ವ್ಯತ್ಯಾಸ ಸುಮ್ಮನೆ ನುಸುಳುತ್ತದೆ. ಇನ್‌ಸ್ಟಂಟ್ ಕಾಫಿಗೆ ಗುಣಕ 2.6.

ಕನಿಷ್ಠ ಬೆಲೆಯ ಕೆಲಸ ಬೇರೆ. ತೊಳೆದ ಅರೇಬಿಕಾಗೆ, ನಮ್ಮ ಮಲೆನಾಡಿನಲ್ಲಿ ಪಾರ್ಚ್‌ಮೆಂಟ್ ಎನ್ನುವುದಕ್ಕೆ, 2011ರಿಂದ ಪೌಂಡಿಗೆ 1.40 ಡಾಲರ್ ಇದ್ದದ್ದು 2023ರ ಆಗಸ್ಟ್‌ನಲ್ಲಿ 1.80 ಆಯಿತು. ಮಾರುಕಟ್ಟೆ ಅದಕ್ಕಿಂತ ಕೆಳಗಿಳಿದಾಗ ಮಾತ್ರ ಅದು ಕಾಯುತ್ತದೆ. 2025ರ ಆರಂಭದಲ್ಲಿ ಬೆಲೆ 4 ಡಾಲರ್ ದಾಟಿದ್ದಾಗ ಮುದ್ರೆಯಿಂದ ಬೆಲೆಯ ಮೇಲೆ ಸಿಗುತ್ತಿದ್ದದ್ದು ಪ್ರೀಮಿಯಂ ಅಷ್ಟೇ.

ಪಟ್ಟಿಗಳ ಕೆಳಗೆ ಸಾಮಾನ್ಯವಾಗಿ ಇಟಲಿ, ಸ್ಪೇನ್ ಕಾಣುತ್ತವೆ. ಇಟಲಿಯಲ್ಲಿ ದಿನಸಿ ವ್ಯಾಪಾರ ಒಂದೆರಡು ಸರಪಳಿಗಳ ಕೈಗೆ ಸೇರಿಲ್ಲ, ಕಾಫಿಯ ದೊಡ್ಡ ಪಾಲು ಬೀದಿಬದಿಯ ಬಾರ್‌ಗಳಲ್ಲಿ ಎಸ್ಪ್ರೆಸ್ಸೋ ಆಗಿ ಹೋಗುತ್ತದೆ. ಜೊತೆಗೆ 1988ರಲ್ಲಿ ಬೊಲ್ಜಾನೊದಲ್ಲಿ ಹುಟ್ಟಿದ ಆಲ್ಟ್ರೊಮೆರ್ಕಾಟೊ ಎಂಬ ನ್ಯಾಯ ವ್ಯಾಪಾರದ ಸಂಸ್ಥೆ ಬಹುಕಾಲದಿಂದ ತನ್ನದೇ ಹೆಸರಿನಲ್ಲಿ, ವಿಶ್ವ ಅಂಗಡಿಗಳ ಜಾಲದ ಮೂಲಕ ಮಾರುತ್ತ ಬಂದಿದೆ. ಮುದ್ರೆಯನ್ನಷ್ಟೇ ಎಣಿಸಿದರೆ ಇಂಥ ವ್ಯಾಪಾರ ಲೆಕ್ಕದಿಂದ ಹೊರಗುಳಿಯುತ್ತದೆ.

ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶವೂ ಇಟಲಿಯೇ, ಆ ಕಾಫಿಯ ಬಹುಪಾಲು ಕರ್ನಾಟಕದ್ದು. ಇಟಲಿಯ ಅಂಕಿ ನಾಳೆ ಏರಿದರೂ ಅದರ ಫಲ ಕೊಡಗು, ಚಿಕ್ಕಮಗಳೂರಿಗೆ ತಾನಾಗಿ ಬರುವುದಿಲ್ಲ. ಚಹಾದಲ್ಲಿ ಕೂಲಿಯಾಳುಗಳನ್ನಿಟ್ಟು ನಡೆಸುವ ದೊಡ್ಡ ತೋಟಗಳಿಗೂ ಫೇರ್‌ಟ್ರೇಡ್ ಪ್ರಮಾಣಪತ್ರ ಸಿಗಬಹುದು, ಕಾಫಿಯಲ್ಲಿ ಸಣ್ಣ ಬೆಳೆಗಾರರ ಸಂಘಗಳಿಗೆ ಮಾತ್ರ. ಇಲ್ಲಿ ಸಣ್ಣ ಹಿಡುವಳಿದಾರರಿಗೆ ಕೊರತೆಯಿಲ್ಲ, ಆದರೆ ಅವರಲ್ಲಿ ಹೆಚ್ಚಿನವರು ಪಾರ್ಚ್‌ಮೆಂಟನ್ನೂ ಹಣ್ಣಾಗಿಯೇ ಒಣಗಿಸಿದ ಚೆರಿಯನ್ನೂ ಒಬ್ಬೊಬ್ಬರೇ ಸ್ಥಳೀಯ ವ್ಯಾಪಾರಿಗೆ ಕೊಡುತ್ತಾರೆ. ಸಂಘವಾಗಿ ಒಟ್ಟುಗೂಡಿಸಿ, ಸದಸ್ಯವಾರು ತೂಕದ ದಾಖಲೆ ಇಟ್ಟು, ತಪಾಸಣೆಗೆ ಒಪ್ಪಿಸಿದ ಬೆಳೆಗೆ ಮಾತ್ರ ಪೌಂಡಿಗೆ 20 ಸೆಂಟ್ ದಕ್ಕುತ್ತದೆ, ಅದೂ ಖರೀದಿದಾರ ಅದನ್ನು ಫೇರ್‌ಟ್ರೇಡ್ ಎಂದೇ ಕೊಂಡಾಗ.