‘ಈ ಸಂತತಿ’ ಎಂದರೆ ಯಾರು? ಅಂತ್ಯಕಾಲದ ಪ್ರವಾದನೆಗಳ ಬಗೆಗಿನ ಹಳೆಯ ವಾದ

2018ರ ಆಗಸ್ಟ್ ತಿಂಗಳಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಬೆಟ್ಟಗಳು ಕುಸಿದು, ಮನೆ ತೋಟಗಳನ್ನು ಕಳೆದುಕೊಂಡವರು ಪರಿಹಾರ ಕೇಂದ್ರಗಳನ್ನು ಸೇರಿದ್ದರು. ಆಗ ಕೊಡಗಿನ ಕ್ರೈಸ್ತರ ನಡುವೆ ಮತ್ತಾಯನ ಸುವಾರ್ತೆಯ 24ನೆಯ ಅಧ್ಯಾಯದ ಮಾತು ಬಂದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಅಂತ್ಯಕ್ಕೆ ಮುನ್ನ ಬರಗಾಲ, ಭೂಕಂಪಗಳಾಗುವುವೆಂದು ಆ ಅಧ್ಯಾಯ ಹೇಳುತ್ತದೆ; ಜಿಲ್ಲೆಯಲ್ಲಿ ಅದರ ಹಿಂದಿನ ತಿಂಗಳಷ್ಟೇ ಭೂಮಿ ಲಘುವಾಗಿ ಕಂಪಿಸಿತ್ತು. ಆದರೆ ಆ ದಿನಗಳಲ್ಲಿ ಯೆರೂಸಲೇಮಿನ ಸುತ್ತಲ ಸೀಮೆಯಾದ ಯೂದಾಯದಲ್ಲಿರುವವರು ಬೆಟ್ಟಗಳಿಗೆ ಓಡಿಹೋಗಬೇಕೆಂಬ ಮಾತೂ ಅಲ್ಲೇ ಇದೆ. ಬೆಟ್ಟವೇ ಜಾರಿ ಬಂದ ಊರಿನವರಿಗೆ ಈ ಸೂಚನೆ ಹೊಂದುವುದಿಲ್ಲ. ಹಾಗಾದರೆ ಅದನ್ನು ಹೇಳಿದ್ದು ಯಾರಿಗೆ, ಯಾವ ಕಾಲದವರಿಗೆ?

ಇದಕ್ಕೆ ಒಂದು ಪಕ್ಷ ಕೊಡುವ ಉತ್ತರ ನೇರವಾಗಿದೆ: ಎದುರಿಗೆ ಕುಳಿತು ಕೇಳುತ್ತಿದ್ದವರಿಗೇ, ಅವರ ಕಾಲಕ್ಕೇ. ಕಳೆದುಹೋದದ್ದು ಎಂಬರ್ಥದ ಲ್ಯಾಟಿನ್ ಪದದಿಂದ ಈ ಪಕ್ಷಕ್ಕೆ ಪ್ರಿಟರಿಸಂ ಎಂಬ ಹೆಸರು ಬಂದಿದೆ. ಇವೆಲ್ಲ ಆಗುವ ತನಕ ಈ ಸಂತತಿ ಅಳಿದುಹೋಗುವುದಿಲ್ಲ ಎಂದು ಯೇಸು ಹೇಳುವ 34ನೆಯ ವಚನವೇ ಅದರ ಬುನಾದಿ. ಗ್ರೀಕ್ ಮೂಲದಲ್ಲಿರುವ ಪದ ‘ಗೆನೆಯಾ’. ಅಬ್ರಹಾಮನಿಂದ ದಾವೀದನವರೆಗಿನ ತಲೆಮಾರುಗಳನ್ನು ಎಣಿಸುವಾಗ ಮತ್ತಾಯನು ಬಳಸುವುದೂ ಇದನ್ನೇ. ನೆರವೇರಿಕೆ ಇನ್ನೂ ಬಾಕಿಯಿದೆ ಎನ್ನುವವರಲ್ಲಿ ಹಲವರು ಈ ವಚನದ ಮಟ್ಟಿಗೆ ಅದಕ್ಕೆ ಕುಲ ಅಥವಾ ಜನಾಂಗ ಎಂದು ಅರ್ಥ ಹೇಳುತ್ತಾರೆ. ಕನ್ನಡ ಬೈಬಲಿನ ‘ಸಂತತಿ’ ಎರಡೂ ಕಡೆಗೆ ವಾಲುವ ಪದವಾದ್ದರಿಂದ, ಕನ್ನಡದಲ್ಲಿ ಓದುವವನಿಗೆ ತೊಡಕು ಕಾಣಿಸುವುದೇ ಇಲ್ಲ. ‘ತಲೆಮಾರು’ ಎಂದಿದ್ದರೆ ಕೂಡಲೇ ಕಾಣಿಸುತ್ತಿತ್ತು.

ಆ ತಲೆಮಾರು ಕಂಡದ್ದೇನು? ಕ್ರಿ.ಶ. 66ರಲ್ಲಿ ಯೆಹೂದ್ಯರು ರೋಮಿನ ವಿರುದ್ಧ ದಂಗೆಯೆದ್ದರು. 70ರ ಪಸ್ಕ ಹಬ್ಬದ ಹೊತ್ತಿಗೆ, ಯಾತ್ರಿಕರಿಂದ ತುಂಬಿದ್ದ ಯೆರೂಸಲೇಮನ್ನು ರೋಮಿನ ಸೇನಾಪತಿ ಟೈಟಸ್‌ನ ಸೇನೆ ಸುತ್ತುವರಿಯಿತು. ಹಸಿವಿನಿಂದ ಜನ ಸತ್ತರು, ಬೇಸಿಗೆ ಮುಗಿಯುವಷ್ಟರಲ್ಲಿ ದೇವಾಲಯ ಸುಟ್ಟು ನೆಲಸಮವಾಯಿತು. ಅಲ್ಲಿಂದ ಕೊಳ್ಳೆಹೊಡೆದ ಏಳು ಕವಲಿನ ದೀಪಸ್ತಂಭವನ್ನು ಸೈನಿಕರು ಹೊತ್ತು ಮೆರೆಸುವ ಕೆತ್ತನೆ ರೋಮಿನ ಟೈಟಸ್ ಕಮಾನಿನಲ್ಲಿ ಇಂದಿಗೂ ಇದೆ. ದೇವಾಲಯದಲ್ಲಿ ಕಲ್ಲಿನ ಮೇಲೆ ಕಲ್ಲು ಉಳಿಯದೆಂದು ಯೇಸು ಹೇಳಿ ಆಗಿನ್ನೂ ಸುಮಾರು 40 ವರ್ಷಗಳಾಗಿದ್ದುವು. ಯುದ್ಧಕ್ಕೆ ಮುನ್ನವೇ ಅಲ್ಲಿನ ಕ್ರೈಸ್ತರು ಯೊರ್ದನಿನಾಚೆಯ ಪೆಲ್ಲಾ ಪಟ್ಟಣಕ್ಕೆ ಹೊರಟುಹೋದರೆಂದು 4ನೆಯ ಶತಮಾನದ ಚರಿತ್ರೆಕಾರ ಯುಸೀಬಿಯಸ್ ಬರೆದಿದ್ದಾನೆ. ಸೂರ್ಯ ಕಪ್ಪಾಗುವ, ನಕ್ಷತ್ರಗಳು ಬೀಳುವ ಮಾತೋ? ಬಾಬಿಲೋನಿನ ಪತನವನ್ನು ಹೇಳುವಾಗ ಹಳೆಯ ಒಡಂಬಡಿಕೆಯ ಪ್ರವಾದಿ ಯೆಶಾಯನೂ ಇದೇ ಭಾಷೆ ಬಳಸಿದ್ದನೆಂದು ಪ್ರಿಟರಿಸ್ಟರು ತೋರಿಸುತ್ತಾರೆ.

ಇಷ್ಟರ ಮಟ್ಟಿಗೆ ಅವರ ವಾದ ಗಟ್ಟಿ ಎಂದೇ ನನಗೆ ತೋರುತ್ತದೆ. ಆದರೆ ಯೆರೂಸಲೇಮಿನ ನಾಶದಲ್ಲಿ ಪ್ರವಾದನೆಯ ನೆರವೇರಿಕೆಯನ್ನು ಕಂಡ ಯುಸೀಬಿಯಸ್‌ನಂಥವರೂ ಎಲ್ಲವೂ ಅಲ್ಲಿಗೇ ಮುಗಿಯಿತೆಂದು ಹೇಳಲಿಲ್ಲ. ಪುನರುತ್ಥಾನ ಆಗಲೇ ಆಗಿಹೋಗಿದೆ ಎಂದು ಬೋಧಿಸುತ್ತಿದ್ದ ಹುಮೆನಾಯ, ಪಿಲೇತ ಎಂಬಿಬ್ಬರನ್ನು ತಿಮೊಥೆಯನಿಗೆ ಬರೆದ ಎರಡನೆಯ ಪತ್ರ ಸತ್ಯಭ್ರಷ್ಟರೆಂದೇ ಕರೆಯುತ್ತದೆ.

ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ ಗ್ರಂಥಕ್ಕೂ ಇದೇ ಬಗೆಯ ಓದನ್ನು ಕ್ರಮಬದ್ಧವಾಗಿ ಅನ್ವಯಿಸಿದ್ದು 17ನೆಯ ಶತಮಾನದಲ್ಲಿ, ಅದೂ ಒಂದು ಜಗಳದ ನಡುವೆ. ಲೂಥರ್ ಮತ್ತು ಅವನ ನಂತರದ ಪ್ರೊಟೆಸ್ಟಂಟರು ಅಂತ್ಯಕಾಲದಲ್ಲಿ ಬರುವನೆಂದು ಹೇಳಲಾದ ಕ್ರಿಸ್ತವಿರೋಧಿ ಪೋಪನೇ ಎಂದು ಸಾರಿದ್ದರು. ಇದಕ್ಕೆ ಎದುರಾಗಿ ಸ್ಪೇನಿನ ಇಬ್ಬರು ಯೇಸುಸಭೆಯ (ಜೆಸ್ಯೂಟ್) ಕ್ಯಾಥೊಲಿಕ್ ಪಾದ್ರಿಗಳು ಒಂದಕ್ಕೊಂದು ತದ್ವಿರುದ್ಧ ದಾರಿ ಹಿಡಿದರು. ಫ್ರಾನ್ಸಿಸ್ಕೊ ರಿಬೇರಾ ಪ್ರಕಟನೆಯ ಗ್ರಂಥದ ಬಹುಭಾಗವನ್ನು ಲೋಕಾಂತ್ಯದ ಕೊನೆಯ ಕೆಲವು ವರ್ಷಗಳಿಗೆ ದೂಡಿದರೆ, 1613ರಲ್ಲಿ ತೀರಿಕೊಂಡ ಲೂಯಿಸ್ ದೆ ಅಲ್ಕಾಸರ್ ಯೆರೂಸಲೇಮಿನ ಮತ್ತು ವಿಗ್ರಹಾರಾಧಕ ರೋಮಿನ ಪತನಗಳಿಗೆ ಅದನ್ನು ಕಟ್ಟಿಹಾಕಿದ. ಮುಂದಕ್ಕೆ ತಳ್ಳಿದರೂ ಹಿಂದಕ್ಕೆ ತಳ್ಳಿದರೂ ಪೋಪ್ ಆರೋಪದಿಂದ ಪಾರಾಗುತ್ತಿದ್ದ ಎಂಬುದು ಇಲ್ಲಿನ ಸ್ವಾರಸ್ಯ.

ಪ್ರೊಟೆಸ್ಟಂಟರು ಮಾತ್ರ ಚರಿತ್ರೆಯುದ್ದಕ್ಕೂ ವರ್ಷಗಳನ್ನು ಎಣಿಸುತ್ತ ಹೋದರು. ಜರ್ಮನಿಯ ವ್ಯುರ್ಟೆಂಬರ್ಗಿನ ಪಂಡಿತ ಬೆಂಗೆಲ್ 18ನೆಯ ಶತಮಾನದಲ್ಲಿ ಹಾಕಿದ ಲೆಕ್ಕದಂತೆ, ಪ್ರಕಟನೆಯ ಗ್ರಂಥದಲ್ಲಿ ದೇವರಿಗೆ ಎದುರಾಗಿ ನಿಲ್ಲುವ ಮೃಗದ ಆಳ್ವಿಕೆ 1836ರಲ್ಲಿ ಕೊನೆಗೊಳ್ಳಬೇಕಿತ್ತು. ಆ ವರ್ಷ ಅಂಥದ್ದೇನೂ ಆಗಲಿಲ್ಲ. ಅದೇ ವರ್ಷ ಅದೇ ಸೀಮೆಯ ಹರ್ಮನ್ ಮೊಗ್ಲಿಂಗ್ ಬಾಸೆಲ್ ಮಿಷನ್ನಿನಿಂದ ಮಂಗಳೂರಿಗೆ ಬಂದ. 1850ರ ದಶಕದಲ್ಲಿ ಕೊಡಗಿಗೆ ಬಂದು ಸಿದ್ದಾಪುರದ ಸಮೀಪ ಆನಂದಪುರವನ್ನು ಕಟ್ಟಿದವನೂ ಅವನೇ.

ಇಂದು ಹಲವು ಸಭೆಗಳಲ್ಲಿ ಕೇಳಿಬರುವ ಬೋಧನೆ, ಅಂದರೆ ಸಭೆ (ವಿಶ್ವಾಸಿಗಳ ಸಮೂಹ) ಪರಲೋಕಕ್ಕೆ ಎತ್ತಲ್ಪಟ್ಟು ಆಮೇಲೆ ಮಹಾ ಸಂಕಟ ಬರುತ್ತದೆಂಬುದು, 1830ರ ದಶಕದಲ್ಲಿ ಜಾನ್ ನೆಲ್ಸನ್ ಡಾರ್ಬಿ ಎಂಬ ಬೋಧಕ ರೂಪಿಸಿದ್ದು. 1909ರಲ್ಲಿ ಅಚ್ಚಾದ, ಅಮೆರಿಕದ ಸ್ಕೋಫೀಲ್ಡನ ಟಿಪ್ಪಣಿ ಬೈಬಲ್ ಅದನ್ನು ಮನೆಮನೆಗೆ ಮುಟ್ಟಿಸಿತು. ಈ ನಡುವೆ 1878ರಲ್ಲಿ ಇಂಗ್ಲೆಂಡಿನ ಜೇಮ್ಸ್ ಸ್ಟುವರ್ಟ್ ರಸೆಲ್ ಎಂಬ ಸಭಾಪಾಲಕ, ಕ್ರಿಸ್ತನ ಎರಡನೆಯ ಬರುವಿಕೆಯೇ 70ರಲ್ಲಿ ಆಯಿತೆಂದು ವಾದಿಸಿ ದೊಡ್ಡ ಗ್ರಂಥವನ್ನೇ ಬರೆದ.

ಪ್ರಕಟನೆಯ ಗ್ರಂಥ ಹುಟ್ಟಿದ್ದು ಯಾವಾಗ ಎಂಬಲ್ಲಿ ವಾದಕ್ಕೆ ಕಠಿಣವಾದ ಗಂಟು ಬೀಳುತ್ತದೆ. 70ರ ಘಟನೆಯನ್ನು ಅದು ಮುಂಚಿತವಾಗಿ ಹೇಳಬೇಕಾದರೆ ಅದಕ್ಕೂ ಮೊದಲೇ ಬರೆದಿರಬೇಕು. ‘ನೀರೋನ್ ಕೇಸರ್’ ಎಂದು ಹೀಬ್ರೂ ಅಕ್ಷರಗಳಲ್ಲಿ ಬರೆದು ಆ ಅಕ್ಷರಗಳಿಗಿರುವ ಸಂಖ್ಯಾಬೆಲೆ ಕೂಡಿಸಿದರೆ ಮೃಗದ ಸಂಖ್ಯೆಯಾದ 666 ಬರುತ್ತದೆ. ಹೆಸರಿನ ಕೊನೆಯ ‘ನ್’ ಬಿಟ್ಟರೆ 616, ಕೆಲವು ಪ್ರಾಚೀನ ಪ್ರತಿಗಳಲ್ಲಿ ಇರುವುದೂ ಅದೇ. 68ರಲ್ಲಿ ಸತ್ತ ರೋಮಿನ ಚಕ್ರವರ್ತಿ ನೀರೋನ ಕಡೆಗೆ ಇದು ಬೊಟ್ಟು ಮಾಡುತ್ತದೆಂಬುದನ್ನು ಪ್ರಿಟರಿಸ್ಟರಲ್ಲದ ಅನೇಕ ವಿದ್ವಾಂಸರೂ ಒಪ್ಪುತ್ತಾರೆ. ಆದರೆ ಗ್ರಂಥವನ್ನು ಬರೆದ ಯೋಹಾನನಿಗೆ ಅದರಲ್ಲಿನ ದರ್ಶನವಾದದ್ದು ಚಕ್ರವರ್ತಿ ಡೊಮಿಷಿಯನ್ನನ ಆಳ್ವಿಕೆಯ ಕೊನೆಯಲ್ಲಿ, ಎಂದರೆ 96ರ ಸುಮಾರಿಗೆ, ಎಂದು 2ನೆಯ ಶತಮಾನದ ಕ್ರೈಸ್ತ ಬಿಷಪ್ ಐರೇನಿಯಸ್ ಹೇಳಿದ್ದಾನೆ. ಅವನ ವಾಕ್ಯದ ಪ್ರಕಾರ ಆ ಕಾಲದಲ್ಲಿ ಕಾಣಿಸಿಕೊಂಡದ್ದು ದರ್ಶನವಲ್ಲ, ಯೋಹಾನನೇ ಎಂದು ತಿರುಗಿಸಿ ಓದುವ ಪ್ರಯತ್ನಗಳು ನಡೆದಿವೆಯಾದರೂ ಹೆಚ್ಚಿನ ವಿದ್ವಾಂಸರು ಅದನ್ನು ಒಪ್ಪಿಲ್ಲ.

ಹೀಗಾಗಿ ಪ್ರಿಟರಿಸ್ಟರೇ ಎರಡಾಗಿದ್ದಾರೆ. ಭಾಗಶಃ ನೆರವೇರಿದೆ ಎನ್ನುವವರು 70ರ ಘಟನೆಗಳನ್ನು ಒಪ್ಪಿಯೂ ಅಂತಿಮ ಬರುವಿಕೆ, ಪುನರುತ್ಥಾನ, ತೀರ್ಪುಗಳನ್ನು ಮುಂದಕ್ಕೆ ಉಳಿಸಿಕೊಳ್ಳುತ್ತಾರೆ. ಪೂರ್ಣ ಪಕ್ಷದವರು ಏನನ್ನೂ ಉಳಿಸುವುದಿಲ್ಲ. ಕೊಡಗಿನ ಅರಸ ದೊಡ್ಡ ವೀರರಾಜೇಂದ್ರನ ಕಾಲದಲ್ಲಿ, 1792ರಲ್ಲಿ ನೆಲೆಗೊಂಡ ವಿರಾಜಪೇಟೆಯ ಸಂತ ಅನ್ನಮ್ಮನ ದೇವಾಲಯದಲ್ಲಿ ಭಾನುವಾರ ಹೇಳುವ ವಿಶ್ವಾಸ ಪ್ರಮಾಣದಲ್ಲಿ, ಜೀವಂತರಿಗೂ ಮೃತರಿಗೂ ತೀರ್ಪು ಕೊಡಲು ಕ್ರಿಸ್ತನು ಬರುವನೆಂಬ ಸಾಲಿದೆ. ಮೊದಲ ಗುಂಪಿನವರು ಅದನ್ನು ಅಳುಕಿಲ್ಲದೆ ಹೇಳಬಲ್ಲರು. ಎರಡನೆಯವರು ಆ ಕ್ರಿಯಾಪದದ ಕಾಲವನ್ನೇ ಬದಲಿಸಬೇಕಾಗುತ್ತದೆ.